ಆಂತರಿಕ ಉಪಕೋರಿಕೆ ಮತ್ತು ಆಂತರಿಕ ಪುನರ್ನಿರ್ದೇಶನ

ಆಂತರಿಕ ಉಪಕೋರಿಕೆ ಮತ್ತು ಆಂತರಿಕ ಪುನರ್ನಿರ್ದೇಶನ ಎಂಬುವು ಜಾಲತಾಣಗಳನ್ನು ಒದಗಿಸುವ ವೆಬ್ ಸರ್ವರ್ ತಂತ್ರಾಂಶವು ತನ್ನೊಳಗೇ ನಡೆಸುವ ಎರಡು ಕಾರ್ಯವಿಧಾನಗಳು. ಬ್ರೌಸರಿನಿಂದ ಬಂದ ಒಂದು ಕೋರಿಕೆಗೆ ಉತ್ತರವನ್ನು ಸಿದ್ಧಪಡಿಸುವಾಗ ಸರ್ವರ್ ತನಗೆ ತಾನೇ ಮತ್ತೊಂದು ಕೋರಿಕೆಯನ್ನು ಸಲ್ಲಿಸಿಕೊಂಡು, ಅದರ ಫಲವನ್ನು ಮೂಲ ಉತ್ತರಕ್ಕೆ ಬಳಸಿದರೆ ಅದು ಉಪಕೋರಿಕೆ. ಮೂಲ ವಿಳಾಸವನ್ನು ಅಲ್ಲಿಗೇ ಕೈಬಿಟ್ಟು, ತನ್ನದೇ ಇನ್ನೊಂದು ವಿಳಾಸದಲ್ಲಿರುವುದನ್ನು ಉತ್ತರವಾಗಿ ಕಳುಹಿಸಿದರೆ ಅದು ಆಂತರಿಕ ಪುನರ್ನಿರ್ದೇಶನ. ಈ ಎರಡರಲ್ಲಿಯೂ ಒಳಗೆ ನಡೆದದ್ದು ಬ್ರೌಸರಿಗೆ ತಿಳಿಯುವುದಿಲ್ಲ. ವಿಳಾಸಪಟ್ಟಿಯಲ್ಲಿ ಓದುಗನು ಕೇಳಿದ ವಿಳಾಸವೇ ಉಳಿಯುತ್ತದೆ. ಇದಕ್ಕೆ ವ್ಯತಿರಿಕ್ತವಾದುದು ಬಾಹ್ಯ ಪುನರ್ನಿರ್ದೇಶನ. ಅದರಲ್ಲಿ ಸರ್ವರ್ ಹೊಸ ವಿಳಾಸವನ್ನು ಬ್ರೌಸರಿಗೆ ತಿಳಿಸಿ, ಅಲ್ಲಿಗೆ ಹೊಸದಾಗಿ ಕೋರಿಕೆ ಸಲ್ಲಿಸುವಂತೆ ಸೂಚಿಸುತ್ತದೆ.

ಈ ವಿಧಾನಗಳ ನಡುವಿನ ಮುಖ್ಯ ವ್ಯತ್ಯಾಸವು ವಿಳಾಸ ಬದಲಾದ ಸಂಗತಿ ಯಾರಿಗೆ ತಿಳಿದಿದೆ ಎಂಬುದರಲ್ಲಿದೆ. ದೋಷಪುಟಗಳು, ಪ್ರವೇಶಾನುಮತಿಯ ಪರೀಕ್ಷೆ, ಶುಲ್ಕ ಪಾವತಿಯ ಪುಟಗಳು, ಕಡತಗಳ ರಕ್ಷಣೆ ಮುಂತಾದವು ಸರಿಯಾಗಿ ನಡೆಯಬೇಕಾದರೆ ಈ ವ್ಯತ್ಯಾಸವನ್ನು ಅರಿತಿರುವುದು ಅವಶ್ಯಕ.

ಹಿನ್ನೆಲೆ

ಜಾಲದ ವ್ಯವಹಾರವು ಎಚ್‌ಟಿಟಿಪಿ ಎಂಬ ಶಿಷ್ಟಾಚಾರದಂತೆ ನಡೆಯುತ್ತದೆ. ಬ್ರೌಸರ್ ಒಂದು ಕೋರಿಕೆಯನ್ನು ಕಳುಹಿಸುತ್ತದೆ. ಸರ್ವರ್ ಒಂದು ಉತ್ತರವನ್ನು ಕೊಡುತ್ತದೆ. ಕೋರಿಕೆಯಲ್ಲಿ ವಿಧಾನ, ವಿಳಾಸ, ಹೆಡರುಗಳು ಮತ್ತು ಕೆಲವೊಮ್ಮೆ ಒಡಲು ಇರುತ್ತವೆ. ಪುಟವನ್ನು ಓದಲು ಗೆಟ್ ವಿಧಾನವನ್ನೂ ಅರ್ಜಿ ನಮೂನೆ ಮುಂತಾದ ಮಾಹಿತಿಯನ್ನು ಸಲ್ಲಿಸಲು ಪೋಸ್ಟ್ ವಿಧಾನವನ್ನೂ ಸಾಮಾನ್ಯವಾಗಿ ಬಳಸುತ್ತಾರೆ. ಉತ್ತರದಲ್ಲಿ ಮೂರು ಅಂಕಿಗಳ ಸ್ಥಿತಿಸಂಕೇತವಿರುತ್ತದೆ. 200 ಎಂದರೆ ಕೆಲಸ ಸರಿಯಾಗಿ ನಡೆಯಿತು ಎಂದೂ 404 ಎಂದರೆ ಕೇಳಿದ್ದು ಸಿಗಲಿಲ್ಲ ಎಂದೂ 500 ಎಂದರೆ ಸರ್ವರಿನೊಳಗೆ ದೋಷವುಂಟಾಯಿತು ಎಂದೂ ಅರ್ಥ.

ಹೊರಗಿನಿಂದ ನೋಡುವವರಿಗೆ ಒಂದು ಕೋರಿಕೆಗೆ ಒಂದು ಉತ್ತರ ಎಂಬ ಈ ಲೆಕ್ಕ ಸರಳವಾಗಿ ಕಾಣುತ್ತದೆ. ಒಳಗಿನ ಕೆಲಸ ಅಷ್ಟು ಸರಳವಲ್ಲ. ಓದುಗನು ಒಂದು ಕಡತಕೋಶದ ವಿಳಾಸವನ್ನು ಕೇಳಿದಾಗ ಅದರೊಳಗಿನ ಮುಖಪುಟ ಯಾವುದೆಂದು ಸರ್ವರ್ ಹುಡುಕಬೇಕು. ಪುಟದ ತಲೆಭಾಗ ಮತ್ತು ಅಡಿಭಾಗಗಳು ಬೇರೆ ಕಡತಗಳಲ್ಲಿದ್ದರೆ ಅವನ್ನು ತಂದು ಜೋಡಿಸಬೇಕು. ಕೇಳಿದ ಪುಟ ಇಲ್ಲದಿದ್ದರೆ ದೋಷಪುಟವನ್ನು ತೋರಿಸಬೇಕು. ಈ ಒಂದೊಂದು ಕೆಲಸಕ್ಕೂ ಪ್ರತ್ಯೇಕ ಕ್ರಮವಿಧಿಯನ್ನು ಬರೆಯುವ ಬದಲು, ಹೊರಗಿನ ಕೋರಿಕೆಯನ್ನು ನಿರ್ವಹಿಸುವ ಅದೇ ಯಂತ್ರಾಂಗವನ್ನು ಒಳಗಿನ ಕೋರಿಕೆಗೂ ಬಳಸಿಕೊಳ್ಳುವುದು ಈ ವಿಧಾನಗಳ ಮೂಲ ವಿಚಾರ.

ಮೂರು ವಿಧಾನಗಳು

ಸರ್ಕಾರಿ ಕಚೇರಿಯೊಂದರ ಉದಾಹರಣೆಯಿಂದ ಈ ಮೂರು ವಿಧಾನಗಳನ್ನು ಅರ್ಥಮಾಡಿಕೊಳ್ಳಬಹುದು. ರೈತನೊಬ್ಬನು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಅರ್ಜಿ ಕೊಡುತ್ತಾನೆ ಎಂದಿಟ್ಟುಕೊಳ್ಳೋಣ.

ಮೊದಲನೆಯ ಸಂದರ್ಭದಲ್ಲಿ ಗುಮಾಸ್ತನು ಅರ್ಜಿಯನ್ನು ಹಿಂದಿರುಗಿಸಿ, ಇದು ಇಲ್ಲಿಯ ಕೆಲಸವಲ್ಲ, ಐದನೆಯ ಕಿಟಕಿಗೆ ಹೋಗಿ ಎನ್ನುತ್ತಾನೆ. ರೈತನೇ ನಡೆದುಹೋಗಿ ಅಲ್ಲಿ ಮತ್ತೆ ಸರದಿಯಲ್ಲಿ ನಿಲ್ಲಬೇಕು. ಮುಂದಿನ ಬಾರಿ ನೇರವಾಗಿ ಐದನೆಯ ಕಿಟಕಿಗೇ ಹೋಗಬೇಕೆಂಬುದು ಅವನಿಗೆ ತಿಳಿದಿರುತ್ತದೆ. ಇದು ಬಾಹ್ಯ ಪುನರ್ನಿರ್ದೇಶನ.

ಎರಡನೆಯ ಸಂದರ್ಭದಲ್ಲಿ ಗುಮಾಸ್ತನು ಅರ್ಜಿಯನ್ನು ತೆಗೆದುಕೊಂಡು ಒಳಗಿನ ಇನ್ನೊಂದು ಮೇಜಿಗೆ ಸಾಗಿಸುತ್ತಾನೆ. ಆ ಮೇಜಿನಲ್ಲಿ ಸಿದ್ಧವಾದ ಉತ್ತರವೇ ಅದೇ ಕಿಟಕಿಯಿಂದ ಹೊರಗೆ ಬರುತ್ತದೆ. ಅರ್ಜಿ ಯಾವ ಮೇಜಿಗೆ ಹೋಗಿತ್ತೆಂಬುದು ರೈತನಿಗೆ ತಿಳಿಯದು. ಇದು ಆಂತರಿಕ ಪುನರ್ನಿರ್ದೇಶನ.

ಮೂರನೆಯ ಸಂದರ್ಭದಲ್ಲಿ ಗುಮಾಸ್ತನು ಅರ್ಜಿಯನ್ನು ತನ್ನ ಬಳಿಯೇ ಇಟ್ಟುಕೊಂಡು, ದಾಖಲೆ ಕೊಠಡಿಯಿಂದ ಪಹಣಿಯ ನಕಲನ್ನು ತರಲು ಸಹಾಯಕನನ್ನು ಕಳುಹಿಸುತ್ತಾನೆ. ನಕಲು ಬಂದ ಬಳಿಕ ಅದನ್ನು ತನ್ನ ಉತ್ತರಕ್ಕೆ ಲಗತ್ತಿಸುತ್ತಾನೆ. ಅಥವಾ ಅದನ್ನು ಓದಿ, ಅರ್ಜಿಯನ್ನು ಒಪ್ಪಬಹುದೇ ಇಲ್ಲವೇ ಎಂದು ತೀರ್ಮಾನಿಸುತ್ತಾನೆ. ಇದು ಉಪಕೋರಿಕೆ.

ಪುನರ್ನಿರ್ದೇಶನದಲ್ಲಿ ಮೂಲ ಕೋರಿಕೆಯ ಕೆಲಸ ಮುಗಿದು ಹೊಸದು ಅದರ ಸ್ಥಾನಕ್ಕೆ ಬರುತ್ತದೆ. ಉಪಕೋರಿಕೆಯಲ್ಲಿ ಮೂಲ ಕೋರಿಕೆ ಜೀವಂತವಾಗಿದ್ದು, ಉಪಕೋರಿಕೆ ಅದರ ಅಧೀನದಲ್ಲಿ ನಡೆದು ಮುಗಿಯುತ್ತದೆ.

ಇತಿಹಾಸ

1991ರಲ್ಲಿ ಬಳಕೆಯಲ್ಲಿದ್ದ ಎಚ್‌ಟಿಟಿಪಿಯ ಮೊದಲ ರೂಪದಲ್ಲಿ ಸ್ಥಿತಿಸಂಕೇತಗಳೂ ಹೆಡರುಗಳೂ ಇರಲಿಲ್ಲ. ಆದುದರಿಂದ ವಿಳಾಸ ಬದಲಾಗಿದೆ ಎಂದು ಬ್ರೌಸರಿಗೆ ತಿಳಿಸಲು ಸರ್ವರಿಗೆ ದಾರಿಯೇ ಇರಲಿಲ್ಲ. 1996ರ ಮೇ ತಿಂಗಳಿನಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.0ರ ವಿವರಣೆಯಲ್ಲಿ 301 ಮತ್ತು 302 ಸಂಕೇತಗಳು ದಾಖಲಾದವು.

ಸರ್ವರಿನ ಒಳಗಿನ ಕೋರಿಕೆಗಳ ಇತಿಹಾಸವು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ರಾಬರ್ಟ್ ಮೆಕೂಲ್ ಬರೆದ ಸರ್ವರಿನೊಂದಿಗೆ ಹೆಣೆದುಕೊಂಡಿದೆ. ಹೊರಗಿನ ಪ್ರೋಗ್ರಾಮುಗಳಿಂದ ಪುಟಗಳನ್ನು ಸಿದ್ಧಪಡಿಸುವ ಸಿಜಿಐ ಪದ್ಧತಿ 1993ರಲ್ಲಿ ಅಲ್ಲಿಯೇ ರೂಪುಗೊಂಡಿತು. ಒಂದು ಪುಟದೊಳಗೆ ಇನ್ನೊಂದು ಕಡತವನ್ನು ಸೇರಿಸುವ ಎಸ್‌ಎಸ್‌ಐ ಪದ್ಧತಿಯೂ ಆ ಸರ್ವರಿನಲ್ಲಿತ್ತು. 1995ರಲ್ಲಿ ಅದೇ ಸರ್ವರಿನ ಆಧಾರದ ಮೇಲೆ ಅಪಾಚೆ ಯೋಜನೆ ಆರಂಭವಾಯಿತು. ರಾಬರ್ಟ್ ಥಾವ್ ಅದರ ಒಳವಿನ್ಯಾಸವನ್ನು ಘಟಕಗಳಾಗಿ ವಿಂಗಡಿಸಿ ಹೊಸದಾಗಿ ರೂಪಿಸಿದರು. 1995ರ ಡಿಸೆಂಬರ್ 1ರಂದು ಅಪಾಚೆ 1.0 ಬಿಡುಗಡೆಯಾಯಿತು. ಒಂದೊಂದು ಕೋರಿಕೆಗೂ ಒಂದು ದಾಖಲೆಯನ್ನು ಇಟ್ಟು, ಉಪಕೋರಿಕೆ ಮತ್ತು ಪುನರ್ನಿರ್ದೇಶನಗಳನ್ನು ಆ ದಾಖಲೆಗಳ ಸರಪಳಿಯಾಗಿ ಕಾಣುವ ಕ್ರಮ ಅಪಾಚೆಯಲ್ಲಿ ಇಂದಿಗೂ ಉಳಿದಿದೆ.

ಜಾವಾ ಭಾಷೆಯ ಸರ್ವ್ಲೆಟ್ ವಿವರಣೆಯ 2.1ನೆಯ ಆವೃತ್ತಿಯಲ್ಲಿ, 1998ರಲ್ಲಿ, ಇದೇ ಉದ್ದೇಶದ ರಿಕ್ವೆಸ್ಟ್ ಡಿಸ್ಪ್ಯಾಚರ್ ಸೇರ್ಪಡೆಯಾಯಿತು. ರಷ್ಯಾದ ಇಗೋರ್ ಸಿಸೊಯೆವ್ ರೂಪಿಸಿದ ಎಂಜಿನ್‌ಎಕ್ಸ್ ಸರ್ವರ್ 2004ರ ಅಕ್ಟೋಬರಿನಲ್ಲಿ ಸಾರ್ವಜನಿಕವಾಗಿ ಬಿಡುಗಡೆಯಾಯಿತು.

ಬಾಹ್ಯ ಪುನರ್ನಿರ್ದೇಶನದ ಸಂಕೇತಗಳು

ಬಾಹ್ಯ ಪುನರ್ನಿರ್ದೇಶನದಲ್ಲಿ ಸರ್ವರ್ 3ರಿಂದ ಆರಂಭವಾಗುವ ಸಂಕೇತವನ್ನೂ ಲೊಕೇಶನ್ ಎಂಬ ಹೆಡರಿನಲ್ಲಿ ಹೊಸ ವಿಳಾಸವನ್ನೂ ಕಳುಹಿಸುತ್ತದೆ. ಮುಖ್ಯ ಸಂಕೇತಗಳು ಹೀಗಿವೆ:

301: ವಿಳಾಸ ಶಾಶ್ವತವಾಗಿ ಬದಲಾಗಿದೆ. ಬ್ರೌಸರುಗಳು ಇದನ್ನು ನೆನಪಿಟ್ಟುಕೊಳ್ಳಬಹುದು. ಶೋಧಯಂತ್ರಗಳು ಹಳೆಯ ವಿಳಾಸದ ಬದಲಿಗೆ ಹೊಸದನ್ನು ದಾಖಲಿಸಿಕೊಳ್ಳುತ್ತವೆ.

302: ವಿಳಾಸ ತಾತ್ಕಾಲಿಕವಾಗಿ ಬೇರೆಡೆಯಿದೆ.

303: ಸಲ್ಲಿಸಿದ ಕೆಲಸದ ಫಲವನ್ನು ಇನ್ನೊಂದು ವಿಳಾಸದಲ್ಲಿ ಗೆಟ್ ವಿಧಾನದಿಂದ ನೋಡಬೇಕು.

307: ತಾತ್ಕಾಲಿಕ ಬದಲಾವಣೆ, ಆದರೆ ಕೋರಿಕೆಯ ವಿಧಾನವನ್ನು ಬದಲಿಸಬಾರದು.

308: ಶಾಶ್ವತ ಬದಲಾವಣೆ, ಇಲ್ಲಿಯೂ ವಿಧಾನವನ್ನು ಬದಲಿಸಬಾರದು.

ಇಷ್ಟು ಸಂಕೇತಗಳು ಹುಟ್ಟಿಕೊಂಡದ್ದಕ್ಕೆ ಕಾರಣವಿದೆ. ಪೋಸ್ಟ್ ಕೋರಿಕೆಗೆ 302 ಉತ್ತರ ಬಂದಾಗ ಬ್ರೌಸರುಗಳು ಹೊಸ ವಿಳಾಸವನ್ನು ಗೆಟ್ ವಿಧಾನದಿಂದ ಕೇಳುತ್ತಿದ್ದವು. ಇದು ವಿವರಣೆಗೆ ವಿರುದ್ಧವಾಗಿದ್ದರೂ ರೂಢಿಯಾಗಿ ಬೇರೂರಿತು. ಈ ಗೊಂದಲವನ್ನು ಪರಿಹರಿಸಲು 1997ರ ಎಚ್‌ಟಿಟಿಪಿ 1.1ರ ವಿವರಣೆಯಲ್ಲಿ 303, 1999ರ ಪರಿಷ್ಕರಣೆಯಲ್ಲಿ 307 ಸೇರಿದವು. 308 ಸಂಕೇತವು 2015ರಲ್ಲಿ ಆರ್‌ಎಫ್‌ಸಿ 7538 ಮೂಲಕ ಅಧಿಕೃತ ಹಾದಿಗೆ ಬಂದಿತು. ಇವೆಲ್ಲವೂ ಈಗ 2022ರ ಜೂನ್ ತಿಂಗಳಿನಲ್ಲಿ ಪ್ರಕಟವಾದ ಆರ್‌ಎಫ್‌ಸಿ 9110ರಲ್ಲಿ ಒಟ್ಟಾಗಿ ವಿವರಿಸಲ್ಪಟ್ಟಿವೆ.

ಅಪಾಚೆ ಸರ್ವರಿನಲ್ಲಿ

ಅಪಾಚೆ ಸರ್ವರ್ ಪ್ರತಿಯೊಂದು ಕೋರಿಕೆಗೂ ಒಂದು ದಾಖಲೆಯನ್ನು ನಿರ್ಮಿಸುತ್ತದೆ. ಅದರಲ್ಲಿ ಮೇನ್, ಪ್ರೆವ್ ಮತ್ತು ನೆಕ್ಸ್ಟ್ ಎಂಬ ಮೂರು ಕೊಂಡಿಗಳಿರುತ್ತವೆ. ಉಪಕೋರಿಕೆಯ ದಾಖಲೆಯಲ್ಲಿ ಮೇನ್ ಕೊಂಡಿಯು ತನ್ನನ್ನು ಹುಟ್ಟಿಸಿದ ಮೂಲ ಕೋರಿಕೆಯನ್ನು ತೋರಿಸುತ್ತದೆ. ಆಂತರಿಕ ಪುನರ್ನಿರ್ದೇಶನದಿಂದ ಹುಟ್ಟಿದ ದಾಖಲೆಯಲ್ಲಿ ಪ್ರೆವ್ ಕೊಂಡಿಯು ಹಿಂದಿನ ಕೋರಿಕೆಯನ್ನು ತೋರಿಸುತ್ತದೆ; ಹಿಂದಿನದರ ನೆಕ್ಸ್ಟ್ ಕೊಂಡಿಯು ಹೊಸದನ್ನು ತೋರಿಸುತ್ತದೆ. ಮೇನ್ ಮತ್ತು ಪ್ರೆವ್ ಎರಡೂ ಖಾಲಿಯಾಗಿದ್ದರೆ ಆ ಕೋರಿಕೆ ನೇರವಾಗಿ ಹೊರಗಿನಿಂದ ಬಂದದ್ದು ಎಂದರ್ಥ. ಘಟಕವನ್ನು ಬರೆಯುವವರು ಒಂದು ಕೆಲಸವನ್ನು ಒಂದೇ ಬಾರಿ ಮಾಡಬೇಕಾಗಿದ್ದರೆ ಮೊದಲು ಈ ಕೊಂಡಿಗಳನ್ನು ಪರೀಕ್ಷಿಸಬೇಕು.

ಉಪಕೋರಿಕೆ

ಅಪಾಚೆಯಲ್ಲಿ ಉಪಕೋರಿಕೆಗೆ ಎರಡು ಹಂತಗಳಿವೆ. ಮೊದಲನೆಯದು ನೋಟದ ಹಂತ. ಇದರಲ್ಲಿ ವಿಳಾಸವು ಯಾವ ಕಡತಕ್ಕೆ ಸೇರಿದೆ, ಅದನ್ನು ಓದಲು ಅನುಮತಿ ಇದೆಯೇ, ಅದು ಯಾವ ಬಗೆಯ ಕಡತ ಎಂಬುದನ್ನು ಮಾತ್ರ ಸರ್ವರ್ ನಿರ್ಧರಿಸುತ್ತದೆ. ಎರಡನೆಯದು ನಡೆಸುವ ಹಂತ. ಇದರಲ್ಲಿ ಉತ್ತರ ನಿಜವಾಗಿ ಹೊರಡುತ್ತದೆ. ಅನೇಕ ಘಟಕಗಳಿಗೆ ಮೊದಲ ಹಂತವೇ ಸಾಕು.

ಕಡತಕೋಶದ ಪಟ್ಟಿಯನ್ನು ತೋರಿಸುವ ಆಟೊಇಂಡೆಕ್ಸ್ ಘಟಕ ಇದಕ್ಕೆ ಉತ್ತಮ ಉದಾಹರಣೆ. ಅದು ಪಟ್ಟಿಯಲ್ಲಿರುವ ಒಂದೊಂದು ಕಡತಕ್ಕೂ ನೋಟದ ಉಪಕೋರಿಕೆಯನ್ನು ಮಾಡುತ್ತದೆ. ಓದುಗನಿಗೆ ಅನುಮತಿಯಿಲ್ಲದ ಕಡತಗಳ ಹೆಸರನ್ನು ಪಟ್ಟಿಯಿಂದಲೇ ಬಿಟ್ಟುಬಿಡುತ್ತದೆ. ಕೋಶದ ಮುಖಪುಟವನ್ನು ಹುಡುಕುವ ಘಟಕವೂ, ಓದುಗನ ಭಾಷೆಗೆ ಹೊಂದುವ ಕಡತವನ್ನು ಆರಿಸುವ ಘಟಕವೂ ಇದೇ ರೀತಿ ಉಪಕೋರಿಕೆಗಳನ್ನು ಬಳಸುತ್ತವೆ.

ಎಸ್‌ಎಸ್‌ಐ ಪದ್ಧತಿಯಲ್ಲಿ ಎರಡನೆಯ ಹಂತವೂ ನಡೆಯುತ್ತದೆ. ಪುಟದ ನಡುವೆ ಇನ್ನೊಂದು ವಿಳಾಸವನ್ನು ಸೇರಿಸುವ ಆದೇಶ ಸಿಕ್ಕಾಗ ಸರ್ವರ್ ಆ ವಿಳಾಸಕ್ಕೆ ಉಪಕೋರಿಕೆ ನಡೆಸಿ, ಅದರ ಒಡಲನ್ನು ಅದೇ ಸ್ಥಳದಲ್ಲಿ ಸೇರಿಸುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಉಪಕೋರಿಕೆಯ ಉತ್ತರ ಮುಗಿದಾಗ ಮುಕ್ತಾಯದ ಗುರುತು ಹೊರಡುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಇಡೀ ಪುಟ ಮುಗಿದಂತಾಗಿ ಉಳಿದ ಭಾಗ ಓದುಗನನ್ನು ತಲುಪುವುದಿಲ್ಲ. ಆದ್ದರಿಂದ ಅಪಾಚೆಯ 2ನೆಯ ಪೀಳಿಗೆಯ ಆವೃತ್ತಿಗಳು ಉಪಕೋರಿಕೆಯ ಕೊನೆಯಲ್ಲಿ ಒಂದು ಸೋಸುಕವನ್ನು ಇಟ್ಟು ಆ ಗುರುತನ್ನು ತೆಗೆದುಹಾಕುತ್ತವೆ.

ಆಂತರಿಕ ಪುನರ್ನಿರ್ದೇಶನ

ಅಪಾಚೆಯಲ್ಲಿ ಆಂತರಿಕ ಪುನರ್ನಿರ್ದೇಶನದ ಪರಿಚಿತ ರೂಪವೆಂದರೆ ಎರರ್‌ಡಾಕ್ಯುಮೆಂಟ್ ಎಂಬ ಆದೇಶ. 404 ದೋಷಕ್ಕೆ ತಾಣದೊಳಗಿನ ಒಂದು ಪುಟವನ್ನು ನಿಗದಿ ಮಾಡಿದರೆ, ಪುಟ ಸಿಗದಿದ್ದಾಗ ಸರ್ವರ್ ಒಳಗಿನಿಂದಲೇ ಆ ಪುಟವನ್ನು ಕಳುಹಿಸುತ್ತದೆ. ಸಂಕೇತ 404 ಆಗಿಯೇ ಉಳಿಯುತ್ತದೆ. ಅದೇ ಆದೇಶದಲ್ಲಿ ದೋಷಪುಟದ ವಿಳಾಸವನ್ನು ಎಚ್‌ಟಿಟಿಪಿ ಎಂದು ಆರಂಭವಾಗುವ ಪೂರ್ಣರೂಪದಲ್ಲಿ ಬರೆದರೆ ಫಲ ಬೇರೆಯಾಗುತ್ತದೆ. ಆಗ ಸರ್ವರ್ ಬಾಹ್ಯ ಪುನರ್ನಿರ್ದೇಶನ ಮಾಡುತ್ತದೆ. ಬ್ರೌಸರ್ ಆ ವಿಳಾಸಕ್ಕೆ ಹೋಗಿ 200 ಸಂಕೇತದೊಂದಿಗೆ ಪುಟವನ್ನು ಪಡೆಯುತ್ತದೆ. ಮೂಲ ದೋಷದ ಸುದ್ದಿ ಅದಕ್ಕೆ ತಲುಪುವುದೇ ಇಲ್ಲ. ಶೋಧಯಂತ್ರಗಳು ಇಲ್ಲದ ಪುಟವನ್ನೂ ಇದೆ ಎಂದು ತಿಳಿಯುವಂತಾಗುತ್ತದೆ. ಗುಪ್ತಪದ ಕೇಳಬೇಕಾದ 401 ಸಂಕೇತಕ್ಕೆ ಹೀಗೆ ಮಾಡಿದರೆ, ಗುಪ್ತಪದ ಬೇಕೆಂಬುದೇ ಬ್ರೌಸರಿಗೆ ತಿಳಿಯದೆ ಪ್ರವೇಶವೇ ಅಸಾಧ್ಯವಾಗುತ್ತದೆ.

ಮೂಲ ಕೋರಿಕೆಯ ವಿವರಗಳು ಹೊಸ ಕೋರಿಕೆಗೆ ಬೇಕಾಗಬಹುದು. ಅದಕ್ಕಾಗಿ ಅಪಾಚೆಯು ಹಿಂದಿನ ಪರಿಸರ ಚರಗಳ ಹೆಸರಿನ ಮುಂದೆ ರೀಡೈರೆಕ್ಟ್ ಎಂಬ ಪೂರ್ವಪದವನ್ನು ಸೇರಿಸಿ ಉಳಿಸುತ್ತದೆ. ರೀಡೈರೆಕ್ಟ್ ಯುಆರ್‌ಎಲ್ ಎಂಬುದರಲ್ಲಿ ಮೂಲ ವಿಳಾಸವೂ ರೀಡೈರೆಕ್ಟ್ ಸ್ಟೇಟಸ್ ಎಂಬುದರಲ್ಲಿ ಮೂಲ ಸಂಕೇತವೂ ಇರುತ್ತವೆ. ದೋಷಪುಟವು ಸಿಜಿಐ ಪ್ರೋಗ್ರಾಮ್ ಆಗಿದ್ದರೆ ಅದು ಸ್ಟೇಟಸ್ ಹೆಡರಿನ ಮೂಲಕ ದೋಷಸಂಕೇತವನ್ನು ತಾನೇ ಮರಳಿ ಹೇಳಬೇಕಾಗುತ್ತದೆ.

ಸಿಜಿಐ ಪ್ರೋಗ್ರಾಮು ಲೊಕೇಶನ್ ಹೆಡರಿನಲ್ಲಿ ತಾಣದೊಳಗಿನ ಹಾದಿಯನ್ನು ಮಾತ್ರ ಬರೆದರೆ ಸರ್ವರ್ ಅದನ್ನು ಆಂತರಿಕ ಪುನರ್ನಿರ್ದೇಶನವೆಂದು ಪರಿಗಣಿಸುತ್ತದೆ. ಪೂರ್ಣ ವಿಳಾಸವನ್ನು ಬರೆದರೆ ಬಾಹ್ಯ ಪುನರ್ನಿರ್ದೇಶನವಾಗುತ್ತದೆ. ಈ ಭೇದವನ್ನು 2004ರ ಆರ್‌ಎಫ್‌ಸಿ 3875 ವಿವರಿಸುತ್ತದೆ. ಆಂತರಿಕವಾಗಿ ನಡೆದಾಗ ಅಪಾಚೆಯು ಮೂಲ ವಿಧಾನ ಪೋಸ್ಟ್ ಆಗಿದ್ದರೂ ಹೊಸ ಕೋರಿಕೆಯನ್ನು ಗೆಟ್ ವಿಧಾನಕ್ಕೆ ಬದಲಿಸುತ್ತದೆ. ಕೋರಿಕೆಯ ಒಡಲನ್ನು ಮೊದಲ ಪ್ರೋಗ್ರಾಮು ಈಗಾಗಲೇ ಓದಿರುವುದರಿಂದ ಎರಡನೆಯದಕ್ಕೆ ಓದಲು ಏನೂ ಉಳಿದಿರುವುದಿಲ್ಲ.

ಎಂಜಿನ್‌ಎಕ್ಸ್ ಸರ್ವರಿನಲ್ಲಿ

ಎಂಜಿನ್‌ಎಕ್ಸ್ ಸರ್ವರಿನ ಸಂರಚನೆಯಲ್ಲಿ ವಿಳಾಸಗಳನ್ನು ಲೊಕೇಶನ್ ಎಂಬ ವಿಭಾಗಗಳಾಗಿ ವಿಂಗಡಿಸುತ್ತಾರೆ. ಆಂತರಿಕ ಪುನರ್ನಿರ್ದೇಶನವೆಂದರೆ ಇಲ್ಲಿ ಹೊಸ ವಿಳಾಸಕ್ಕೆ ತಕ್ಕ ವಿಭಾಗವನ್ನು ಮತ್ತೆ ಹುಡುಕುವುದು. ಟ್ರೈ ಫೈಲ್ಸ್ ಆದೇಶವು ಕೊಟ್ಟ ಕಡತಗಳನ್ನು ಕ್ರಮವಾಗಿ ಹುಡುಕಿ, ಯಾವುದೂ ಸಿಗದಿದ್ದರೆ ಕೊನೆಯ ವಿಳಾಸಕ್ಕೆ ಆಂತರಿಕವಾಗಿ ತಿರುಗುತ್ತದೆ. ಅನೇಕ ಜಾಲತಾಣಗಳಲ್ಲಿ ಎಲ್ಲ ಸುಂದರ ವಿಳಾಸಗಳೂ ಕೊನೆಗೆ ಒಂದೇ ಪ್ರೋಗ್ರಾಮಿಗೆ ತಲುಪುವುದು ಈ ಆದೇಶದಿಂದಲೇ. ಎರರ್ ಪೇಜ್ ಆದೇಶವು ಅಪಾಚೆಯ ಎರರ್‌ಡಾಕ್ಯುಮೆಂಟ್ ಆದೇಶವನ್ನು ಹೋಲುತ್ತದೆ. ಗೆಟ್ ಮತ್ತು ಹೆಡ್ ಹೊರತು ಉಳಿದೆಲ್ಲ ವಿಧಾನಗಳನ್ನು ಅದು ಗೆಟ್ ಆಗಿ ಬದಲಿಸುತ್ತದೆ.

ಎಂಜಿನ್‌ಎಕ್ಸ್‌ನಲ್ಲಿ ಎಸ್‌ಎಸ್‌ಐ ಉಪಕೋರಿಕೆಗಳು ಒಂದರ ಹಿಂದೆ ಒಂದು ಕಾಯದೆ ಸಮಾನಾಂತರವಾಗಿ ನಡೆಯಬಲ್ಲವು. ಯಾವುದು ಮೊದಲು ಮುಗಿದರೂ ಪುಟದಲ್ಲಿ ಅವುಗಳ ಕ್ರಮ ಕೆಡದಂತೆ ಸರ್ವರ್ ಉತ್ತರಗಳನ್ನು ತಡೆಹಿಡಿದು ಸರಿಯಾದ ಅನುಕ್ರಮದಲ್ಲಿ ಕಳುಹಿಸುತ್ತದೆ.

ಆತ್ ರಿಕ್ವೆಸ್ಟ್ ಎಂಬ ಘಟಕವು ಉಪಕೋರಿಕೆಯನ್ನು ಅನುಮತಿಯ ಪರೀಕ್ಷೆಗೆ ಬಳಸುತ್ತದೆ. ಮೂಲ ಕೋರಿಕೆ ಬಂದಾಗ ಸರ್ವರ್ ಮೊದಲು ಪರೀಕ್ಷಕ ವಿಳಾಸಕ್ಕೆ ಉಪಕೋರಿಕೆ ಕಳುಹಿಸುತ್ತದೆ. ಉತ್ತರದ ಸಂಕೇತ 2ರಿಂದ ಆರಂಭವಾದರೆ ಪ್ರವೇಶ ದೊರೆಯುತ್ತದೆ. 401 ಅಥವಾ 403 ಆದರೆ ಪ್ರವೇಶ ನಿರಾಕರಿಸಲ್ಪಡುತ್ತದೆ. ಬೇರೆ ಯಾವುದೇ ಸಂಕೇತವನ್ನು ದೋಷವೆಂದು ಪರಿಗಣಿಸಲಾಗುತ್ತದೆ. ಇಲ್ಲಿ ಉಪಕೋರಿಕೆಯ ಒಡಲು ಓದುಗನಿಗೆ ಹೋಗುವುದಿಲ್ಲ. ಅದರ ಸಂಕೇತವಷ್ಟೇ ಮುಖ್ಯ.

ಜಾವಾ ಸರ್ವ್ಲೆಟ್‌ಗಳಲ್ಲಿ

ಸರ್ವ್ಲೆಟ್ ಪದ್ಧತಿಯಲ್ಲಿ ಈ ಮೂರು ವಿಧಾನಗಳಿಗೆ ಮೂರು ಸ್ಪಷ್ಟ ಹೆಸರುಗಳಿವೆ. ಫಾರ್ವರ್ಡ್ ಎಂಬುದು ಆಂತರಿಕ ಪುನರ್ನಿರ್ದೇಶನ. ಇನ್‌ಕ್ಲೂಡ್ ಎಂಬುದು ಉಪಕೋರಿಕೆ. ಸೆಂಡ್ ರೀಡೈರೆಕ್ಟ್ ಎಂಬುದು ಬಾಹ್ಯ ಪುನರ್ನಿರ್ದೇಶನ. ಉತ್ತರದ ಭಾಗವು ಈಗಾಗಲೇ ಬ್ರೌಸರಿಗೆ ಹೊರಟಿದ್ದರೆ ಫಾರ್ವರ್ಡ್ ಮಾಡಲು ಸಾಧ್ಯವಿಲ್ಲ. ಹಾಗೆ ಮಾಡಿದರೆ ದೋಷ ಉಂಟಾಗುತ್ತದೆ. ಇನ್‌ಕ್ಲೂಡ್ ಆದ ಸರ್ವ್ಲೆಟ್ ಉತ್ತರದ ಒಡಲಿಗೆ ಬರೆಯಬಹುದೇ ಹೊರತು ಸ್ಥಿತಿಸಂಕೇತವನ್ನೂ ಹೆಡರುಗಳನ್ನೂ ಬದಲಿಸಲಾರದು. ಅಧೀನವಾದ ಕೋರಿಕೆಯು ಮೂಲ ಕೋರಿಕೆಯ ಪರವಾಗಿ ತೀರ್ಮಾನ ಮಾಡಬಾರದು ಎಂಬುದೇ ಈ ನಿಯಮದ ತಾತ್ಪರ್ಯ.

ಸುತ್ತುಗಳು ಮತ್ತು ಮಿತಿ

ದೋಷಪುಟವೇ ಇಲ್ಲದಿದ್ದರೆ, ಅಥವಾ ವಿಳಾಸವನ್ನು ಬದಲಿಸುವ ನಿಯಮವು ತನ್ನದೇ ಫಲಕ್ಕೆ ಮತ್ತೆ ಅನ್ವಯಿಸಿದರೆ, ಒಳಗಿನ ಕೋರಿಕೆ ಗಾಣದ ಎತ್ತಿನಂತೆ ಸುತ್ತತೊಡಗುತ್ತದೆ. ಬಾಹ್ಯ ಪುನರ್ನಿರ್ದೇಶನದಲ್ಲಿ ಸುತ್ತು ಉಂಟಾದರೆ ಬ್ರೌಸರ್ ಅದನ್ನು ಗುರುತಿಸಿ ಓದುಗನಿಗೆ ತಿಳಿಸುತ್ತದೆ. ಆಂತರಿಕ ಸುತ್ತನ್ನು ನೋಡುವವರು ಸರ್ವರಿನ ಹೊರತು ಬೇರೆ ಯಾರೂ ಇಲ್ಲ. ಆದುದರಿಂದ ಸರ್ವರುಗಳು ಮಿತಿಯನ್ನು ವಿಧಿಸಿಕೊಂಡಿವೆ. ಅಪಾಚೆಯಲ್ಲಿ ಲಿಮಿಟ್ ಇಂಟರ್ನಲ್ ರಿಕರ್ಶನ್ ಎಂಬ ಆದೇಶವು ಇದನ್ನು ನಿಯಂತ್ರಿಸುತ್ತದೆ. ಪೂರ್ವನಿಗದಿತ ಮಿತಿ 10. ಎಂಜಿನ್‌ಎಕ್ಸ್‌ನಲ್ಲಿಯೂ ಒಂದು ಕೋರಿಕೆಗೆ 10 ಆಂತರಿಕ ಪುನರ್ನಿರ್ದೇಶನಗಳ ಮಿತಿಯಿದೆ. ಮಿತಿ ಮೀರಿದಾಗ ಓದುಗನಿಗೆ 500 ಸಂಕೇತ ದೊರೆಯುತ್ತದೆ. ಕಾರಣ ಸರ್ವರಿನ ದೋಷದಾಖಲೆಯಲ್ಲಿ ಮಾತ್ರ ಕಾಣುತ್ತದೆ. ಇಂತಹ ಸಂದರ್ಭದಲ್ಲಿ ಮಿತಿಯನ್ನು ಹೆಚ್ಚಿಸುವುದು ಪರಿಹಾರವಲ್ಲ. ಸುತ್ತಿಗೆ ಕಾರಣವಾದ ನಿಯಮವನ್ನು ಸರಿಪಡಿಸಬೇಕು.

ಅಪಾಚೆಯಲ್ಲಿ ಕಡತಕೋಶದೊಳಗಿನ ಸಂರಚನಾ ಕಡತದಲ್ಲಿ ವಿಳಾಸ ಬದಲಿಸುವ ನಿಯಮಗಳನ್ನು ಬರೆದಾಗ ಈ ತೊಂದರೆ ಹೆಚ್ಚು. ಅಲ್ಲಿ ವಿಳಾಸ ಬದಲಾದೊಡನೆ ಆಂತರಿಕ ಪುನರ್ನಿರ್ದೇಶನ ನಡೆದು, ನಿಯಮಗಳು ಮೊದಲಿನಿಂದ ಮತ್ತೆ ಓದಲ್ಪಡುತ್ತವೆ. ಎಲ್ ಎಂಬ ಗುರುತು ಆ ಸುತ್ತಿನ ಓದನ್ನು ಮಾತ್ರ ನಿಲ್ಲಿಸುತ್ತದೆ. ಮುಂದಿನ ಸುತ್ತುಗಳನ್ನೂ ತಡೆಯಲು 2.4ನೆಯ ಆವೃತ್ತಿಯಲ್ಲಿ ಎಂಡ್ ಎಂಬ ಗುರುತನ್ನು ಒದಗಿಸಲಾಗಿದೆ.

ಭದ್ರತೆಯ ಪ್ರಶ್ನೆಗಳು

ಕಾವಲುಗಾರನು ಹೆಬ್ಬಾಗಿಲಿನಲ್ಲಿ ಮಾತ್ರ ನಿಂತಿದ್ದರೆ, ಒಳಗಿನ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವವರನ್ನು ಆತ ಕಾಣಲಾರ. ಆಂತರಿಕ ಕೋರಿಕೆಗಳ ಭದ್ರತೆಯ ಪ್ರಶ್ನೆಯೂ ಇದೇ ಆಗಿದೆ: ಪರೀಕ್ಷೆ ನಡೆದದ್ದು ಯಾವ ವಿಳಾಸಕ್ಕೆ, ಕೊಟ್ಟದ್ದು ಯಾವ ವಿಳಾಸದ ಉತ್ತರವನ್ನು?

ಸರ್ವ್ಲೆಟ್ ವಿವರಣೆಯ ಪ್ರಕಾರ ಸಂರಚನೆಯಲ್ಲಿ ಘೋಷಿಸಿದ ಭದ್ರತಾ ನಿರ್ಬಂಧಗಳು ಫಾರ್ವರ್ಡ್ ಮತ್ತು ಇನ್‌ಕ್ಲೂಡ್ ಮೂಲಕ ತಲುಪಿದ ಪುಟಗಳಿಗೆ ಅನ್ವಯಿಸುವುದಿಲ್ಲ. ಫಿಲ್ಟರುಗಳೂ ಬೇರೆ ಸೂಚನೆ ಇಲ್ಲದಿದ್ದರೆ ಹೊರಗಿನಿಂದ ನೇರವಾಗಿ ಬಂದ ಕೋರಿಕೆಗಳಿಗೆ ಮಾತ್ರ ಅನ್ವಯಿಸುತ್ತವೆ. ಆಂತರಿಕ ಕೋರಿಕೆಗಳಿಗೂ ಅನ್ವಯಿಸುವಂತೆ ಸೂಚಿಸುವ ಸೌಲಭ್ಯ 2003ರ 2.4ನೆಯ ಆವೃತ್ತಿಯಲ್ಲಿ ಬಂದಿತು. ಓದುಗನು ಕೊಟ್ಟ ಹೆಸರನ್ನು ಪರೀಕ್ಷಿಸದೆ ಅದೇ ಹೆಸರಿನ ಪುಟಕ್ಕೆ ಫಾರ್ವರ್ಡ್ ಮಾಡಿದರೆ, ಹೊರಗಿನವರಿಗೆ ಕಾಣಬಾರದ ಸಂರಚನಾ ಕಡತಗಳೂ ಬಯಲಾಗಬಹುದು.

ಆಂತರಿಕ ಪುನರ್ನಿರ್ದೇಶನವನ್ನು ರಕ್ಷಣೆಗಾಗಿಯೂ ಬಳಸುತ್ತಾರೆ. ವಿದ್ಯಾರ್ಥಿಯು ತನ್ನ ಅಂಕಪಟ್ಟಿಯನ್ನು ಮಾತ್ರ ಪಡೆಯಬೇಕಾದ ತಾಣವೊಂದನ್ನು ಊಹಿಸಬಹುದು. ಅಲ್ಲಿ ಪ್ರೋಗ್ರಾಮು ವಿದ್ಯಾರ್ಥಿಯ ಗುರುತನ್ನು ಪರೀಕ್ಷಿಸಿ, ಎಕ್ಸ್ ಆಕ್ಸೆಲ್ ರೀಡೈರೆಕ್ಟ್ ಎಂಬ ಹೆಡರಿನಲ್ಲಿ ಕಡತದ ಒಳವಿಳಾಸವನ್ನು ಎಂಜಿನ್‌ಎಕ್ಸ್‌ಗೆ ತಿಳಿಸುತ್ತದೆ. ಕಡತವನ್ನು ಸರ್ವರೇ ವೇಗವಾಗಿ ಕಳುಹಿಸುತ್ತದೆ. ಒಳವಿಳಾಸ ವಿದ್ಯಾರ್ಥಿಗೆ ತಿಳಿಯುವುದಿಲ್ಲ. ಆದರೆ ಆ ಕಡತಗಳಿರುವ ವಿಭಾಗಕ್ಕೆ ಇಂಟರ್ನಲ್ ಎಂಬ ಆದೇಶವನ್ನು ಬರೆದಿರಲೇಬೇಕು. ಆಗ ಹೊರಗಿನಿಂದ ನೇರವಾಗಿ ಆ ವಿಳಾಸವನ್ನು ಕೇಳಿದವರಿಗೆ 404 ಸಂಕೇತ ದೊರೆಯುತ್ತದೆ. ಈ ಒಂದು ಪದವನ್ನು ಮರೆತರೆ, ವಿಳಾಸವನ್ನು ಊಹಿಸಬಲ್ಲ ಯಾರಿಗಾದರೂ ಎಲ್ಲರ ಅಂಕಪಟ್ಟಿಗಳೂ ಸಿಗುತ್ತವೆ.

ಪಿಎಚ್‌ಪಿ ಭಾಷೆಯ ಸಿಜಿಐ ರೂಪವೂ ಇಂತಹ ಪರೀಕ್ಷೆಯನ್ನು ಮಾಡುತ್ತದೆ. ತನ್ನನ್ನು ಸರ್ವರ್ ಆಂತರಿಕ ಪುನರ್ನಿರ್ದೇಶನದ ಮೂಲಕವೇ ಕರೆದಿದೆಯೇ ಎಂಬುದನ್ನು ರೀಡೈರೆಕ್ಟ್ ಸ್ಟೇಟಸ್ ಚರದಿಂದ ತಿಳಿದು, ಅದು ಇಲ್ಲದಿದ್ದರೆ ಕೆಲಸ ಮಾಡಲು ನಿರಾಕರಿಸುತ್ತದೆ. ಇಲ್ಲವಾದರೆ ಪಿಎಚ್‌ಪಿ ಪ್ರೋಗ್ರಾಮಿನ ವಿಳಾಸವನ್ನು ನೇರವಾಗಿ ಕರೆದು, ಸರ್ವರಿನ ಅನುಮತಿ ಪರೀಕ್ಷೆಯನ್ನು ದಾಟಿ ಕಡತಗಳನ್ನು ಓದಲು ಸಾಧ್ಯವಾಗುತ್ತಿತ್ತು.

2024ರ ಜುಲೈ ತಿಂಗಳ ಘಟನಾವಳಿ ಈ ವಿಷಯದ ಗಂಭೀರತೆಯನ್ನು ತೋರಿಸಿತು. ಭದ್ರತಾ ಸಂಶೋಧಕ ಆರೆಂಜ್ ತ್ಸಾಯ್ ಅವರು ಅಪಾಚೆಯ ಘಟಕಗಳು ಒಂದೇ ಕೋರಿಕೆಯ ದಾಖಲೆಯನ್ನು ಬೇರೆ ಬೇರೆ ರೀತಿಯಲ್ಲಿ ಅರ್ಥೈಸುವುದರಿಂದ ಉಂಟಾಗುವ ಹಲವು ದೋಷಗಳನ್ನು ಗುರುತಿಸಿದ್ದರು. ಅವುಗಳಲ್ಲಿ ಸಿವಿಇ-2024-38476 ಎಂಬುದು 2.4.59 ಮತ್ತು ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿತ್ತು. ಹಿಂಬದಿಯ ಪ್ರೋಗ್ರಾಮಿನ ಉತ್ತರದ ಹೆಡರುಗಳನ್ನು ದುರುದ್ದೇಶದಿಂದ ರೂಪಿಸಲು ಸಾಧ್ಯವಾದರೆ, ಆಂತರಿಕ ಪುನರ್ನಿರ್ದೇಶನದ ಮೂಲಕ ಗೋಪ್ಯ ಮಾಹಿತಿಯನ್ನು ಹೊರತೆಗೆಯಬಹುದಾಗಿತ್ತು. ಜುಲೈ 1ರಂದು ಬಂದ 2.4.60 ಆವೃತ್ತಿ ಇದನ್ನು ಸರಿಪಡಿಸಿತು. ಆದರೆ ಆ ತಿದ್ದುಪಡಿಯಿಂದಲೇ ಹೊಸ ದೋಷವೊಂದು ಹುಟ್ಟಿತು: ಕೆಲವು ಸಂರಚನೆಗಳಲ್ಲಿ ಪರೋಕ್ಷವಾಗಿ ಕೋರಲ್ಪಟ್ಟ ಪಿಎಚ್‌ಪಿ ಕಡತಗಳು ನಡೆಯುವ ಬದಲು ಅವುಗಳ ಮೂಲಪಠ್ಯವೇ ಓದುಗನಿಗೆ ಹೋಗುತ್ತಿತ್ತು. ಅದನ್ನು ಸರಿಪಡಿಸಲು ಎರಡು ದಿನಗಳಲ್ಲಿ 2.4.61 ಬಂದಿತು. ಅದೂ ಪೂರ್ಣವಾಗದೆ ಅದೇ ತಿಂಗಳಿನಲ್ಲಿ 2.4.62 ಬಿಡುಗಡೆಯಾಯಿತು. ಸುಮಾರು ಮೂರು ದಶಕಗಳ ಹಿಂದೆ ಅನುಕೂಲಕ್ಕಾಗಿ ಮಾಡಿದ ಒಂದು ಏರ್ಪಾಟನ್ನು ಬಿಡಿಸುವುದು ಎಷ್ಟು ಕಷ್ಟವೆಂಬುದಕ್ಕೆ ಇದು ನಿದರ್ಶನ.

ಬಾಹ್ಯ ಪುನರ್ನಿರ್ದೇಶನಕ್ಕೂ ಅದರದೇ ಅಪಾಯವಿದೆ. ಓದುಗನು ಕೊಟ್ಟ ವಿಳಾಸಕ್ಕೆ ಪರೀಕ್ಷಿಸದೆ ಕಳುಹಿಸುವ ತಾಣವನ್ನು ವಂಚಕರು ತಮ್ಮ ನಕಲಿ ತಾಣಗಳಿಗೆ ಜನರನ್ನು ಸೆಳೆಯಲು ಬಳಸಿಕೊಳ್ಳುತ್ತಾರೆ. ಇದನ್ನು ಮುಕ್ತ ಪುನರ್ನಿರ್ದೇಶನ ಎಂದು ಕರೆಯುತ್ತಾರೆ.

ದಾಖಲೆಗಳ ಓದು

ಸರ್ವರಿನ ದಿನಚರಿ ದಾಖಲೆಯಲ್ಲಿ ಸಾಮಾನ್ಯವಾಗಿ ಹೊರಗಿನಿಂದ ಬಂದ ಕೋರಿಕೆಗೆ ಒಂದೇ ಸಾಲು ಇರುತ್ತದೆ. ಅಪಾಚೆಯಲ್ಲಿ ಆಂತರಿಕ ಪುನರ್ನಿರ್ದೇಶನಕ್ಕೆ ಮುಂಚಿನ ಸಂಕೇತವನ್ನೂ ಅಂತಿಮ ಸಂಕೇತವನ್ನೂ ಬೇರೆ ಬೇರೆಯಾಗಿ ಬರೆಯಿಸಬಹುದು. ಎಂಜಿನ್‌ಎಕ್ಸ್‌ನಲ್ಲಿ ರಿಕ್ವೆಸ್ಟ್ ಯುಆರ್‌ಐ ಎಂಬ ಚರವು ಓದುಗನು ಕೇಳಿದ ವಿಳಾಸವನ್ನು ಬದಲಿಸದೆ ಉಳಿಸಿಕೊಳ್ಳುತ್ತದೆ. ಯುಆರ್‌ಐ ಎಂಬ ಚರವು ಪ್ರತಿ ಪುನರ್ನಿರ್ದೇಶನದೊಂದಿಗೆ ಬದಲಾಗುತ್ತದೆ. ಉಪಕೋರಿಕೆಗಳನ್ನು ದಾಖಲಿಸಲು ಪ್ರತ್ಯೇಕ ಆದೇಶ ಬೇಕು. ದೋಷವನ್ನು ಹುಡುಕುವಾಗ ಎರಡೂ ವಿಳಾಸಗಳನ್ನು ಅಕ್ಕಪಕ್ಕದಲ್ಲಿ ಬರೆಯಿಸುವುದು ಉಪಯುಕ್ತ.

ಸೂಕ್ತ ವಿಧಾನದ ಆಯ್ಕೆ

ಪುಟವು ನಿಜವಾಗಿ ಹೊಸ ವಿಳಾಸಕ್ಕೆ ಹೋಗಿದ್ದರೆ ಅದನ್ನು ಓದುಗನಿಗೆ ತಿಳಿಸುವುದೇ ಸರಿ. ಬಾಹ್ಯ ಪುನರ್ನಿರ್ದೇಶನವನ್ನು ಬಳಸಬೇಕು. ಪೋಸ್ಟ್ ವಿಧಾನದಿಂದ ಶುಲ್ಕ ಪಾವತಿ, ಅರ್ಜಿ ಸಲ್ಲಿಕೆ ಮುಂತಾದ ಕೆಲಸಗಳು ನಡೆದ ಬಳಿಕವೂ 303 ಸಂಕೇತದ ಬಾಹ್ಯ ಪುನರ್ನಿರ್ದೇಶನವೇ ಸೂಕ್ತ. ಇಲ್ಲಿ ಆಂತರಿಕ ವಿಧಾನವನ್ನು ಬಳಸಿದರೆ ಬ್ರೌಸರಿನ ದೃಷ್ಟಿಯಲ್ಲಿ ಕೊನೆಯ ಕೋರಿಕೆ ಪೋಸ್ಟ್ ಆಗಿಯೇ ಉಳಿಯುತ್ತದೆ. ವಿದ್ಯಾರ್ಥಿಯು ಪುಟವನ್ನು ಮತ್ತೆ ತೆರೆಸಿದರೆ ಪರೀಕ್ಷಾ ಶುಲ್ಕ ಎರಡನೆಯ ಬಾರಿ ಪಾವತಿಯಾಗುವ ಸಂಭವವಿದೆ.

ಒಳಗಿನ ವ್ಯವಸ್ಥೆಯು ಓದುಗನಿಗೆ ಸಂಬಂಧಿಸಿದ್ದಲ್ಲವಾದರೆ ಆಂತರಿಕ ಪುನರ್ನಿರ್ದೇಶನ ಸೂಕ್ತ. ದೋಷಪುಟ, ಕೋಶದ ಮುಖಪುಟ, ರಕ್ಷಿತ ಕಡತಗಳು ಈ ವರ್ಗಕ್ಕೆ ಸೇರುತ್ತವೆ. ಇಲ್ಲಿ ಪುಟದೊಳಗಿನ ಕೊಂಡಿಗಳ ಬಗ್ಗೆ ಎಚ್ಚರ ಬೇಕು. ಬ್ರೌಸರ್ ಸಾಪೇಕ್ಷ ಕೊಂಡಿಗಳನ್ನು ಮೂಲ ವಿಳಾಸದ ಆಧಾರದಿಂದಲೇ ಬಿಡಿಸುವುದರಿಂದ, ಬೇರೆ ಕೋಶದಿಂದ ಬಂದ ದೋಷಪುಟದ ಚಿತ್ರಗಳೂ ಶೈಲಿ ಕಡತಗಳೂ ಕಾಣದೆ ಹೋಗಬಹುದು. ತಾಣದ ಬೇರಿನಿಂದ ಆರಂಭವಾಗುವ ಹಾದಿಗಳನ್ನು ಬರೆದರೆ ಈ ತೊಂದರೆ ತಪ್ಪುತ್ತದೆ.

ಉತ್ತರದ ಒಂದು ಭಾಗ ಅಥವಾ ಒಂದು ನಿರ್ಣಯ ಮಾತ್ರ ಬೇರೆಡೆಯಿಂದ ಬೇಕಾದಾಗ ಉಪಕೋರಿಕೆ ಸೂಕ್ತವಾಗಿದೆ.

ವಿಕಿಪೀಡಿಯದಲ್ಲಿ

ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶದಲ್ಲಿಯೂ ಪುನರ್ನಿರ್ದೇಶನ ಪುಟಗಳಿವೆ. ಹಂಪೆ ಮತ್ತು ಹಂಪಿ ಎಂಬಂತೆ ಒಂದೇ ಊರಿಗೆ ಎರಡು ರೂಪಗಳು ಬಳಕೆಯಲ್ಲಿರುವ ಕನ್ನಡದಲ್ಲಿ ಇವು ಬಹಳ ಉಪಯುಕ್ತ. ಇಂತಹ ಪುಟವನ್ನು ಕೇಳಿದಾಗ ತಂತ್ರಾಂಶವು 3ರಿಂದ ಆರಂಭವಾಗುವ ಸಂಕೇತವನ್ನು ಕಳುಹಿಸದೆ, ಗುರಿಪುಟದ ಪಠ್ಯವನ್ನೇ ನೇರವಾಗಿ ತೋರಿಸುತ್ತದೆ. ಜೊತೆಗೆ ಎಲ್ಲಿಂದ ಬಂದದ್ದು ಎಂಬ ಸಣ್ಣ ಟಿಪ್ಪಣಿಯನ್ನು ಶೀರ್ಷಿಕೆಯ ಕೆಳಗೆ ಸೇರಿಸುತ್ತದೆ. ವಿಳಾಸಪಟ್ಟಿಯಲ್ಲಿ ಹೊಸ ವಿಳಾಸ ಕಾಣುವಂತೆ ಮಾಡುವುದು ಪುಟದೊಂದಿಗೆ ಬಂದ ಒಂದು ಸ್ಕ್ರಿಪ್ಟ್. ಮೀಡಿಯಾವಿಕಿ ಒಂದು ಪುನರ್ನಿರ್ದೇಶನವನ್ನು ಮಾತ್ರ ಅನುಸರಿಸುತ್ತದೆ. ಪುನರ್ನಿರ್ದೇಶನ ಪುಟವೊಂದು ಇನ್ನೊಂದು ಪುನರ್ನಿರ್ದೇಶನ ಪುಟವನ್ನು ತೋರಿಸಿದರೆ ಓದುಗನು ನಡುವಿನಲ್ಲೇ ನಿಲ್ಲುತ್ತಾನೆ. ಲೇಖನದ ಶೀರ್ಷಿಕೆಯನ್ನು ಬದಲಿಸಿದ ಸಂಪಾದಕರು ಹಳೆಯ ಪುನರ್ನಿರ್ದೇಶನಗಳನ್ನೂ ಸರಿಪಡಿಸಬೇಕೆನ್ನುವುದು ಈ ಕಾರಣದಿಂದ.